ಹುಳಿಯಂಬಲಿಯ ಹದ

ತುಂಗಭದ್ರಾ ಅಣೆಕಟ್ಟಿನ ಜಲರಾಶಿಯು ಕುಗ್ಗಿ, ಹೊಸಪೇಟೆ ಸಂಡೂರುಗಳ ಬಂಡೆಗಳು ಕಾದ ಹಂಚಿನಂತೆ ಉರಿಯುವ ಚೈತ್ರ ವೈಶಾಖಗಳಲ್ಲಿ, ಈ ಸೀಮೆಯ ಗೃಹಿಣಿಯರು ಸಿದ್ಧಗೊಳಿಸುವ ಜೋಳದ ಹುಳಿಯಂಬಲಿಗೆ ಸಮನಾದ ಪಾನೀಯವನ್ನು ನಾನು ಕಾಣೆ. ರಾತ್ರಿ ಮಣ್ಣಿನ ಗಡಿಗೆಯಲ್ಲಿ ಕಲಸಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಸಣ್ಣ ಗುಳ್ಳೆಗಳನ್ನೆಬ್ಬಿಸಿ ಆಮ್ಲಗಂಧವನ್ನು ಸೂಸತೊಡಗಲು, ಮೂಗಿನಿಂದಲೇ ಹದವನ್ನರಿತು, ಕುದಿಯುವ ನೀರಿಗೆ ಸುರಿದು, ಗಂಟಾಗದಂತೆ ತಿರುವಿ, ತಣಿದ ಮೇಲೆ ಮಜ್ಜಿಗೆಯನ್ನೂ ಜಜ್ಜಿದ ಬೆಳ್ಳುಳ್ಳಿ ಜೀರಿಗೆಗಳನ್ನೂ ಬೆರೆಸುವ ಆ ಕೈಗಳಿಗೆ ಗಡಿಯಾರವೂ ಬೇಡ, ಅಳತೆಯ ಪಾತ್ರೆಯೂ ಬೇಡ. ಆಫ್ರಿಕಾದ ಹಳ್ಳಿಗಳಲ್ಲಿ ಇದೇ ಧಾನ್ಯವನ್ನು ಮೊಳೆಯಿಸಿ ಮನೆಯಲ್ಲಿಯೇ ಬಿಯರನ್ನು ತಯಾರಿಸುವರು. ನಮ್ಮವರು ಮದ್ಯದ ಹೊಸ್ತಿಲವರೆಗೆ ನಡೆದು ಹುಳಿಯಲ್ಲಿಯೇ ನಿಂತರು. ನಿಂತದ್ದು ಒಳ್ಳೆಯದೇ ಆಯಿತೆನ್ನುವೆ (ಪಾನಪ್ರಿಯರು ಕ್ಷಮಿಸಲಿ): ಮೊದಲು ಹುಳಿ, ಬಳಿಕ ಬೆಳ್ಳುಳ್ಳಿಯ ಖಾರ, ಕೊನೆಗೆ ಜೋಳದ ಮಂದವಾದ ಸಿಹಿ, ಹೀಗೆ ನಾಲಗೆಯ ಮೇಲೆ ಕ್ರಮವಾಗಿ ಮೂಡುವ ರುಚಿಗಳನ್ನು ಅಮಲು ಮಸುಕಾಗಿಸುತ್ತಿತ್ತು.