ಮಹಾಯುದ್ಧದ ಸಾಹಿತ್ಯವೂ ಕರುಣರಸವೂ

ಯುದ್ಧವು ಕಾವ್ಯಕ್ಕೆ ಹೊಸ ವಸ್ತುವಲ್ಲ. ವ್ಯಾಸ ವಾಲ್ಮೀಕಿಗಳಿಂದ ಮೊದಲುಗೊಂಡು ಪಂಪ ರನ್ನ ಕುಮಾರವ್ಯಾಸರವರೆಗೆ ನಮ್ಮ ಮಹಾಕವಿಗಳೆಲ್ಲರೂ ಕಾಳಗವನ್ನು ವರ್ಣಿಸಿದವರೇ ಆಗಿದ್ದಾರೆ. ಆದರೆ ೧೯೧೪ನೆಯ ಇಸವಿಯಿಂದ ೧೯೧೮ರವರೆಗೆ ನಡೆದ ಮೊದಲನೆಯ ಮಹಾಯುದ್ಧವು ಹಿಂದಿನ ಕವಿಗಳಿಗೆ ಇಲ್ಲದಿದ್ದ ಒಂದು ತೊಡಕನ್ನು ಲೇಖಕರ ಮುಂದೆ ತಂದಿಟ್ಟಿತು. ಆ ತೊಡಕು ಯಾವುದು, ಅದನ್ನು ಬಿಡಿಸುವುದಕ್ಕೆ ಯೂರೋಪಿನ ಲೇಖಕರು ಮಾಡಿದ ಯತ್ನವೆಂತಹುದು, ಅದರಲ್ಲಿ ನಮ್ಮ ದೇಶದವರ ಪಾಲು ಹೇಗೆ ಉಳಿದುಬಂದಿದೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಆ ಯುದ್ಧದ ಸ್ವರೂಪವನ್ನು ನೆನಪಿಗೆ ತಂದುಕೊಳ್ಳಬೇಕು. ೧೯೧೪ನೆಯ ಆಗಸ್ಟಿನಲ್ಲಿ ಜರ್ಮನರ ಸೇನೆಯು ಬೆಲ್ಜಿಯಮ್ಮನ್ನು ಹೊಕ್ಕು ಪ್ಯಾರಿಸ್ ನಗರದ ಸಮೀಪಕ್ಕೆ ಬಂದು, ಸೆಪ್ಟೆಂಬರಿನಲ್ಲಿ ಮಾರ್ನ್ ನದಿಯ ಬಳಿ ತಡೆಯಲ್ಪಟ್ಟಿತು. ಅಲ್ಲಿಂದ ಮುಂದೆ ಉತ್ತರ ಸಮುದ್ರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೂ ಉಭಯ ಪಕ್ಷದವರೂ ಕಂದಕಗಳನ್ನು ತೋಡಿ ಕುಳಿತರು. ೧೯೧೫ನೆಯ ಏಪ್ರಿಲ್ ೨೫ರಂದು ಮಿತ್ರಪಕ್ಷದವರು ತುರ್ಕರ ಗಲ್ಲಿಪೋಲಿಯಲ್ಲಿ ಇಳಿದರು. ಮುಂದಿನ ಜನವರಿಯಲ್ಲಿ ಏನನ್ನೂ ಸಾಧಿಸದೆ ಹಿಂತಿರುಗಿದರು. ೧೯೧೬ನೆಯ ಫೆಬ್ರವರಿಯಲ್ಲಿ ಮೊದಲಾದ ವೆರ್ಡನ್ ಯುದ್ಧವು ಡಿಸೆಂಬರಿನವರೆಗೆ ನಡೆದು ಸುಮಾರು ಮೂರು ಲಕ್ಷ ಜನರನ್ನು ನುಂಗಿತು. ಅದೇ ವರ್ಷ ಜುಲೈ ೧ರಂದು ಸೋಮ್ ನದಿಯ ಬಳಿ ಆಂಗ್ಲೇಯರು ನಡೆಸಿದ ದಾಳಿಯ ಮೊದಲನೆಯ ದಿನವೇ ಅವರ ಕಡೆಯಲ್ಲಿ ೫೭,೪೭೦ ಮಂದಿ ನಷ್ಟವಾದರು. ಅವರಲ್ಲಿ ೧೯,೨೪೦ ಮಂದಿ ಸತ್ತವರು. ೧೯೧೮ನೆಯ ನವೆಂಬರ್ ೧೧ರಂದು ಕದನವು ನಿಲ್ಲುವ ಹೊತ್ತಿಗೆ ಮಡಿದ ಯೋಧರ ಸಂಖ್ಯೆ ತೊಂಬತ್ತು ಲಕ್ಷಕ್ಕೆ ಕಡಿಮೆಯಿರಲಿಲ್ಲ.

ಈ ಸಂಖ್ಯೆಗಳನ್ನು ಓದಿದವನಿಗೆ ಆಶ್ಚರ್ಯವುಂಟಾಗುತ್ತದೆ, ದುಃಖವುಂಟಾಗುವುದಿಲ್ಲ. ಇದೇ ಮೇಲೆ ಹೇಳಿದ ತೊಡಕು. ಗಲ್ಲಿಪೋಲಿಯ ಪ್ರಯತ್ನಕ್ಕೆ ಮುಖ್ಯ ಪ್ರೇರಕನಾಗಿದ್ದ ಚರ್ಚಿಲ್ ಮಹಾಶಯನು ಯುದ್ಧಾನಂತರ ಬರೆದ ಬೃಹದ್ ಗ್ರಂಥದಲ್ಲಿ ಉಭಯ ಪಕ್ಷದ ನಷ್ಟಗಳನ್ನು ತುಲನೆಮಾಡುವುದಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ದಾಳಿಮಾಡಿದವನಿಗೇ ಹೆಚ್ಚು ನಷ್ಟವೆಂಬ ಅವನ ವಾದವು ಚರಿತ್ರಕಾರರಿಗೆ ಉಪಯುಕ್ತವಾದುದು, ಗದ್ಯವೂ ಗಂಭೀರವಾದುದು. ಆದರೆ ಆ ತಕ್ಕಡಿಯಲ್ಲಿ ಮನುಷ್ಯನು ತೂಕವಾಗಿದ್ದಾನೆಯೇ ಹೊರತು ಮನುಷ್ಯನಾಗಿಲ್ಲ. ಚರಿತ್ರೆಯು ಎಣಿಸಬೇಕಾದುದು ಧರ್ಮವೇ. ಎಣಿಕೆಯು ಮುಗಿದ ಮೇಲೆ ಉಳಿಯುವ ಕೆಲಸವು ಸಾಹಿತ್ಯದ್ದು.

ಆ ಕೆಲಸವನ್ನು ವೀರರಸದಿಂದ ಸಾಧಿಸಬಹುದೆ? ವೀರಕ್ಕೆ ಉತ್ಸಾಹವು ಸ್ಥಾಯಿ, ಎದುರಾಳಿಯು ಆಲಂಬನ. ಅರ್ಜುನನ ಮುಂದೆ ಕರ್ಣನಿರಬೇಕು. ಆದರೆ ಈ ಯುದ್ಧದಲ್ಲಿ ಬಹುಮಂದಿ ಸತ್ತದ್ದು ಹರದಾರಿಗಳಾಚೆಯಿಂದ ಬಂದು ಬೀಳುತ್ತಿದ್ದ ಫಿರಂಗಿಯ ಗುಂಡುಗಳಿಂದ. ಕೊಂದವನು ಸತ್ತವನನ್ನು ಕಾಣಲಿಲ್ಲ. ಸತ್ತವನು ಕೊಂದವನನ್ನು ಕಾಣಲಿಲ್ಲ. ಆಲಂಬನವೇ ಇಲ್ಲದೆಡೆಯಲ್ಲಿ ಉತ್ಸಾಹವು ಯಾವುದನ್ನು ಹಿಡಿದು ನಿಂತೀತು? ಜರ್ಮನ್ ಲೇಖಕನಾದ ಅರ್ನ್ಸ್ಟ್ ಯೂಂಗರ್ ೧೯೨೦ರಲ್ಲಿ ಪ್ರಕಟಿಸಿದ ‘ಉಕ್ಕಿನ ಬಿರುಗಾಳಿಯಲ್ಲಿ’ ಎಂಬ ಅನುಭವಕಥನದಲ್ಲಿ ಈ ಯತ್ನವನ್ನು ಮಾಡಿದನು. ಆತನು ಅನೇಕ ಬಾರಿ ಗಾಯಗೊಂಡ ನಿಜವಾದ ಯೋಧ. ಅವನ ಕಣ್ಣು ಸೂಕ್ಷ್ಮವಾದುದು. ಆದರೂ ಅವನ ಉತ್ಸಾಹವು ಶತ್ರುವನ್ನು ಆಶ್ರಯಿಸದೆ ಅಪಾಯವನ್ನೇ ಆಶ್ರಯಿಸಿ ನಿಲ್ಲುವುದರಿಂದ, ಓದುಗನಿಗೆ ಬೆರಗು ಹುಟ್ಟುತ್ತದೆ, ವೀರವು ಪರಿಪೋಷಗೊಳ್ಳುವುದಿಲ್ಲ.

ಹಾಗಾದರೆ ಕರುಣವೆ? ಇಲ್ಲಿಯೇ ಒಂದು ದೊಡ್ಡ ಆಕ್ಷೇಪವು ಎದುರಾಗುತ್ತದೆ. ೧೯೩೬ರಲ್ಲಿ ಯೇಟ್ಸ್ ಕವಿಯು ಆಧುನಿಕ ಆಂಗ್ಲಕವಿತೆಗಳ ಸಂಕಲನವೊಂದನ್ನು ಆಕ್ಸ್‌ಫರ್ಡ್ ಪ್ರಕಾಶನಕ್ಕಾಗಿ ಸಿದ್ಧಪಡಿಸಿದಾಗ, ವಿಲ್ಫ್ರೆಡ್ ಓವೆನ್ನನ ಪದ್ಯಗಳನ್ನು ಬುದ್ಧಿಪೂರ್ವಕವಾಗಿಯೇ ಕೈಬಿಟ್ಟನು. ಕೇವಲ ಸಹಿಸಿಕೊಂಡಿರುವ ಯಾತನೆಯು ಕಾವ್ಯವಸ್ತುವಾಗಲಾರದೆಂಬುದು ಅವನ ಮತ. ಅಷ್ಟು ದೊಡ್ಡ ಕವಿಯ ಮಾತನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಅದರಲ್ಲಿ ಒಂದು ಸತ್ಯಾಂಶವೂ ಉಂಟು. ಹರಿದ ಅಂಗಾಂಗಗಳನ್ನು ಒಂದರ ಮೇಲೊಂದರಂತೆ ತೋರಿಸುತ್ತ ಹೋದರೆ ಜುಗುಪ್ಸೆಯು ಹುಟ್ಟಿ ಬೀಭತ್ಸವಾದೀತು; ಕರುಣವಾಗದು. ಫ್ರೆಂಚ್ ಲೇಖಕನಾದ ಬಾರ್ಬುಸ್ಸನು ಯುದ್ಧವು ನಡೆಯುತ್ತಿರುವಾಗಲೇ, ೧೯೧೬ರಲ್ಲಿ ಹೊರತಂದ ಕಾದಂಬರಿಯ ಕೆಲವು ಭಾಗಗಳಿಗೂ, ಸೆಸೂನ್ ಕವಿಯ ಕೋಪದ ಕವನಗಳಿಗೂ ಈ ಮಿತಿಯುಂಟು. ಅವುಗಳ ಸತ್ಯವು ನಿರ್ವಿವಾದವಾದುದು. ಆದರೆ ಅಲ್ಲಿ ಪ್ರಧಾನವಾದುದು ಬೀಭತ್ಸ ರೌದ್ರಗಳು.

ಆದರೂ ಯೇಟ್ಸನ ಮಾತನ್ನು ಸಿದ್ಧಾಂತವಾಗಿ ಒಪ್ಪುವುದು ನಮ್ಮ ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಸಾಧ್ಯವಿಲ್ಲ. ಕ್ರೌಂಚಪಕ್ಷಿಯು ತನ್ನನ್ನು ಕೊಂದ ಬೇಡನೊಡನೆ ಹೋರಾಡಲಿಲ್ಲ, ಸುಮ್ಮನೆ ಬಿದ್ದಿತು. ಅದರ ಸಂಗಾತಿಯ ಅಳಲನ್ನು ಕೇಳಿದ ಮುನಿಯ ಶೋಕದಿಂದಲೇ ಆದಿಕಾವ್ಯವು ಹುಟ್ಟಿತೆಂಬುದು ನಮ್ಮ ಸಂಪ್ರದಾಯ. ಮಹಾಭಾರತದಂತಹ ಯುದ್ಧಕಾವ್ಯಕ್ಕೂ ಶಾಂತವೇ ಅಂಗಿರಸವೆಂದು ಆನಂದವರ್ಧನನು ನಿರ್ಣಯಿಸಿದ್ದಾನೆ. ಯಾತನೆಯನ್ನು ಅನುಭವಿಸುವವನು ನಿಷ್ಕ್ರಿಯನಾಗಿರಬಹುದು. ಅದನ್ನು ಕಾಣುವ ಹೃದಯವು ನಿಷ್ಕ್ರಿಯವಾಗಿರಬಾರದು, ಅಷ್ಟೆ. ಓವೆನ್ನನಲ್ಲಿ ಈ ಹೃದಯವಿತ್ತು. ಸತ್ತ ಗೆಳೆಯನೊಬ್ಬನನ್ನು ಬಿಸಿಲಿಗೆ ಸರಿಸಿದರೆ ಎಚ್ಚತ್ತಾನೇನೋ ಎಂದು ಸಂಗಡಿಗರು ಯೋಚಿಸುವ ಅವನ ಪುಟ್ಟ ಕವಿತೆಯಲ್ಲಿ ರಕ್ತದ ಹೆಸರೇ ಇಲ್ಲ. ಊರಿನಲ್ಲಿ ಹೊಲದ ಕೆಲಸಕ್ಕೆ ಅವನನ್ನು ಪ್ರತಿದಿನ ಎಬ್ಬಿಸುತ್ತಿದ್ದ ಸೂರ್ಯನೇ ಇಂದು ಅಶಕ್ತನಾಗಿದ್ದಾನೆ. ಇನ್ನೊಂದು ಕವಿತೆಯಲ್ಲಿ ಸತ್ತವನೊಬ್ಬನು ಪಾತಾಳದಲ್ಲಿ ತಾನು ಕೊಂದ ಶತ್ರುವನ್ನೇ ಸಂಧಿಸುತ್ತಾನೆ. ಕರುಣೆಯೇ ತನ್ನ ವಸ್ತುವೆಂದು ಮುನ್ನುಡಿಯ ಕರಡಿನಲ್ಲಿ ಬರೆದಿಟ್ಟ ಈ ತರುಣನು ೧೯೧೮ನೆಯ ನವೆಂಬರ್ ೪ರಂದು, ಯುದ್ಧವು ನಿಲ್ಲುವುದಕ್ಕೆ ಒಂದು ವಾರ ಮೊದಲು, ಇಪ್ಪತ್ತೈದನೆಯ ವಯಸ್ಸಿನಲ್ಲಿ ಮಡಿದನು.

ಇಲ್ಲಿ ರನ್ನನ ಗದಾಯುದ್ಧವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ದುರ್ಯೋಧನನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆದುಹೋಗುವ ಭಾಗವು ಇಡೀ ಕನ್ನಡ ಸಾಹಿತ್ಯದಲ್ಲಿಯೇ ಕರುಣಕ್ಕೆ ನಿದರ್ಶನಪ್ರಾಯವಾದುದು. ಅಲ್ಲಿ ದ್ರೋಣನಿದ್ದಾನೆ, ದುಶ್ಶಾಸನನಿದ್ದಾನೆ, ಮಗ ಲಕ್ಷಣಕುಮಾರನಿದ್ದಾನೆ, ಪ್ರಾಣಮಿತ್ರನಾದ ಕರ್ಣನಿದ್ದಾನೆ. ದುರ್ಯೋಧನನು ಸಮೂಹಕ್ಕಾಗಿ ಅಳುವುದಿಲ್ಲ. ಒಬ್ಬೊಬ್ಬನ ಮುಂದೆಯೂ ನಿಂತು ಬೇರೆಬೇರೆಯಾಗಿ ಅಳುತ್ತಾನೆ. ಕರುಣಕ್ಕೆ ಆಲಂಬನವಾಗಿ ಹೆಸರುಳ್ಳ ಒಬ್ಬ ವ್ಯಕ್ತಿಯು ಬೇಕೆಂಬ ತತ್ತ್ವವನ್ನು ರನ್ನನು ಸಾವಿರ ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾನೆ.

ಈ ತತ್ತ್ವವೇ ರೆಮಾರ್ಕನ ಪ್ರಸಿದ್ಧ ಜರ್ಮನ್ ಕಾದಂಬರಿಯ ಜೀವಾಳವೂ ಆಗಿದೆ. ಪುಸ್ತಕರೂಪದಲ್ಲಿ ೧೯೨೯ರಲ್ಲಿ ಹೊರಬಂದು, ೧೯೩೩ರಲ್ಲಿ ನಾಟ್ಸಿಗಳ ಕೈಯಲ್ಲಿ ಬೆಂಕಿಗೆ ಆಹುತಿಯಾದ ಆ ಗ್ರಂಥದ ಕೊನೆಯಲ್ಲಿ ಕಥಾನಾಯಕನು ಸಾಯುವ ದಿನ, ಪಶ್ಚಿಮ ರಣರಂಗದಲ್ಲಿ ಹೊಸ ಸಂಗತಿಯೇನೂ ಇಲ್ಲವೆಂದು ಸೇನೆಯ ವರದಿಯು ಹೇಳುತ್ತದೆ. ಗ್ರಂಥದ ಹೆಸರೂ ಅದೇ. ಇಡೀ ಕಾದಂಬರಿಯುದ್ದಕ್ಕೂ ನಮಗೆ ಪರಿಚಿತನಾಗಿದ್ದವನು ವರದಿಗೆ ಲೆಕ್ಕಕ್ಕೇ ಇಲ್ಲದವನಾಗುತ್ತಾನೆ. ಮಧ್ಯಭಾಗದಲ್ಲಿ ಶೈಲಿಯು ಅಲ್ಲಲ್ಲಿ ಸಡಿಲವಾದರೂ, ವರದಿಗೂ ಮನುಷ್ಯನಿಗೂ ಇರುವ ಈ ಅಂತರವನ್ನು ತೋರಿಸಿದುದರಿಂದ ಆ ಕೃತಿಯು ಉಳಿಯಿತು.

ಇನ್ನು ನಮ್ಮವರ ವಿಷಯ. ಈ ಯುದ್ಧದಲ್ಲಿ ಭಾರತದಿಂದ ಯೋಧರೂ ಕೆಲಸದಾಳುಗಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಕಡಲನ್ನು ದಾಟಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಹಿಂತಿರುಗಲಿಲ್ಲ. ೧೯೧೫ನೆಯ ಮಾರ್ಚಿಯಲ್ಲಿ ಫ್ರಾನ್ಸಿನ ನೆವ್ ಶಾಪೆಲ್ಲಿನಲ್ಲಿ ದಾಳಿಮಾಡಿದ ಸೇನೆಯ ಅರ್ಧಭಾಗವು ಭಾರತೀಯರದೇ ಆಗಿತ್ತು. ಮೆಸೊಪೊಟೇಮಿಯಾದ ಕೂಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿ, ೧೯೧೬ನೆಯ ಏಪ್ರಿಲ್ ೨೯ರಂದು ಶರಣಾದ ಸೇನೆಯಲ್ಲಿಯೂ ಬಹುಮಂದಿ ನಮ್ಮವರು. ಅವರಲ್ಲಿ ಅನೇಕರು ಸೆರೆಯಲ್ಲಿ ಸತ್ತರು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಜೋಧಪುರದ ರಾವುತರೊಡನೆ ಹೈಫಾ ಪಟ್ಟಣವನ್ನು ಗೆದ್ದವರು ಮೈಸೂರು ಸಂಸ್ಥಾನದ ರಾವುತರು.

ಇವರ ಬಾಯಿಯ ಮಾತುಗಳಲ್ಲಿ ಕೆಲವು ಉಳಿದಿವೆ. ಉಳಿದ ಬಗೆಯು ವಿಚಿತ್ರವಾದುದು. ಫ್ರಾನ್ಸಿನಲ್ಲಿದ್ದ ಸಿಪಾಯಿಗಳು ತಾವಾಗಿಯೋ ಇತರರಿಂದ ಬರೆಸಿಯೋ ಊರಿಗೆ ಕಳುಹಿಸುತ್ತಿದ್ದ ಕಾಗದಗಳನ್ನು ಸೇನೆಯ ಅಧಿಕಾರಿಗಳು ತೆರೆದು ನೋಡಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಭಾಷಾಂತರಿಸಿ ವರದಿಗೆ ಸೇರಿಸುತ್ತಿದ್ದರು. ಆ ವರದಿಗಳು ಲಂಡನ್ನಿನಲ್ಲಿ ಸುರಕ್ಷಿತವಾಗಿವೆ. ಸಂಶಯದಿಂದ ಮಾಡಿದ ನಕಲು ಇಂದು ಸಾಹಿತ್ಯಕ್ಕೆ ಆಧಾರವಾಯಿತು. ಮುಲ್ಕ್ ರಾಜ್ ಆನಂದರು ‘ಅಕ್ರಾಸ್ ದಿ ಬ್ಲ್ಯಾಕ್ ವಾಟರ್ಸ್’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ಪಂಜಾಬಿನ ಹಳ್ಳಿಯ ಲಾಲು ಎಂಬ ತರುಣನನ್ನು ಮಾರ್ಸೇಲ್ಸ್ ಬಂದರಿನಲ್ಲಿ ಇಳಿಸಿ ಕಂದಕಗಳವರೆಗೆ ನಡೆಸಿಕೊಂಡು ಹೋಗುತ್ತಾರೆ. ೧೯೦೫ರಲ್ಲಿ ಹುಟ್ಟಿದ ಅವರಿಗೆ ಆ ಯುದ್ಧದ ಸ್ವಾನುಭವವಿರಲಿಲ್ಲ. ಕದನದ ವರ್ಣನೆಯಲ್ಲಿ ಅದು ತಿಳಿಯುತ್ತದೆ. ಆದರೆ ತನ್ನದಲ್ಲದ ಜಗಳಕ್ಕೆ ಬಂದ ಬೇಸಾಯಗಾರನ ದಿಗ್ಭ್ರಮೆಯನ್ನು, ಪರದೇಶದ ಹೊಲವನ್ನು ನೋಡಿ ಅವನು ತನ್ನ ಹೊಲವನ್ನು ನೆನೆಯುವ ಬಗೆಯನ್ನು ಆನಂದರು ಹಿಡಿದಿಟ್ಟಷ್ಟು ಚೆನ್ನಾಗಿ ಯೂರೋಪಿನ ಲೇಖಕರಾರೂ ಹಿಡಿಯಲಾರರು.

ಲಾಲುವಿಗೆ ಕವಿಯು ಹೆಸರು ಕೊಟ್ಟನು. ಕಲ್ಲು ಎಲ್ಲರಿಗೂ ಕೊಡಲಿಲ್ಲ. ನೆವ್ ಶಾಪೆಲ್ಲಿನ ಸ್ಮಾರಕದಲ್ಲಿ ೪,೭೦೦ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಿದ್ದಾರೆ. ಆದರೆ ಮೆಸೊಪೊಟೇಮಿಯಾದಲ್ಲಿ ಮಡಿದವರಿಗಾಗಿ ೧೯೨೯ರಲ್ಲಿ ಬಸ್ರಾದಲ್ಲಿ ನಿಂತ ಸ್ಮಾರಕದಲ್ಲಿ ಆಂಗ್ಲ ಸಿಪಾಯಿಗಳ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಮೂವತ್ತು ಸಾವಿರಕ್ಕೂ ಹೆಚ್ಚಿನ ಭಾರತೀಯ ಸಾಮಾನ್ಯ ಯೋಧರಿಗೆ ಮಾತ್ರ ಅವರವರ ಪಡೆಯ ಹೆಸರೂ ಸತ್ತವರ ಸಂಖ್ಯೆಯೂ ದೊರೆತಿವೆ. ಈ ಬಗೆಯ ತಾರತಮ್ಯವು ನಡೆದುದು ನಿಜವೆಂದು ಸಮಾಧಿಗಳನ್ನು ನೋಡಿಕೊಳ್ಳುವ ಆಯೋಗವೇ ೨೦೨೧ರಲ್ಲಿ ಒಪ್ಪಿಕೊಂಡು ಕ್ಷಮೆ ಯಾಚಿಸಿತು.

ಇದನ್ನು ಆತಕೂರಿನ ಶಾಸನದೊಡನೆ ಹೋಲಿಸಿ ನೋಡಬೇಕು. ಕ್ರಿಸ್ತಶಕ ೯೪೯-೫೦ರ ಆ ಕಲ್ಲಿನಲ್ಲಿ ಯೋಧನಾದ ಮಣಲೆರನ ಹೆಸರಿದೆ. ಹಂದಿಯೊಡನೆ ಹೋರಾಡಿ ಸತ್ತ ಅವನ ನಾಯಿಯಾದ ಕಾಳಿಯ ಹೆಸರೂ ಇದೆ. ತುರುಗಳನ್ನು ಬಿಡಿಸುವಾಗ ಸತ್ತ ಸಾಮಾನ್ಯನಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಹತ್ತನೆಯ ಶತಮಾನದಲ್ಲಿ ಒಂದು ನಾಯಿಗೆ ದೊರೆತ ಗೌರವವು ಇಪ್ಪತ್ತನೆಯ ಶತಮಾನದಲ್ಲಿ ಮೂವತ್ತು ಸಾವಿರ ಮನುಷ್ಯರಿಗೆ ದೊರೆಯದೆ ಹೋಯಿತು. ಕಲ್ಲಿನ ಮೇಲಿನ ಹೆಸರು ಸಾಹಿತ್ಯವಲ್ಲವೆಂದು ಯಾರಾದರೂ ಹೇಳಬಹುದು. ಆದರೆ ವೀರಗಲ್ಲುಗಳ ಬರವಣಿಗೆಯನ್ನು ಕನ್ನಡ ಸಾಹಿತ್ಯಚರಿತ್ರೆಯಿಂದ ತೆಗೆದುಹಾಕುವ ಧೈರ್ಯವು ನಮ್ಮಲ್ಲಿ ಯಾರಿಗೂ ಇರಲಾರದು.

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ಮಹಾಯುದ್ಧದ ಸಾಹಿತ್ಯಕ್ಕೆ ಕರುಣವೇ ಸಹಜವಾದ ರಸ. ಆ ಕರುಣಕ್ಕೆ ಹೆಸರುಳ್ಳ ವ್ಯಕ್ತಿಯೇ ಆಲಂಬನ. ಹೆಸರನ್ನು ಅಳಿಸಿದ ಯುದ್ಧವು ಕಾವ್ಯದ ಮೂಲವನ್ನೇ ಅಳಿಸಿದಂತಾಯಿತು. ಆದುದರಿಂದ ಹೆಸರುಗಳನ್ನು ಮರಳಿ ಸಂಪಾದಿಸುವುದು ಪುರಾತತ್ತ್ವದ ಕೆಲಸವಷ್ಟೇ ಅಲ್ಲ, ಸಾಹಿತ್ಯಸೇವೆಯೂ ಹೌದು. ಆ ಯುದ್ಧದಲ್ಲಿ ಸಿಪಾಯಿಗಳಿಗೆ ಕೊಟ್ಟ ಬೆಳ್ಳಿಯ ಪದಕದ ಅಂಚಿನಲ್ಲಿ ಪಡೆದವನ ಹೆಸರೂ ಪಡೆಯೂ ಮುದ್ರಿತವಾಗಿವೆ. ಅಂತಹ ಪದಕವಾಗಲಿ, ಒಂದು ಹಳೆಯ ಕಾಗದವಾಗಲಿ, ಅಜ್ಜಿಯರ ಬಾಯಲ್ಲಿರುವ ಒಂದು ಹಾಡಾಗಲಿ ನಮ್ಮ ಜಿಲ್ಲೆಯ ಯಾವ ಮನೆಯಲ್ಲಿ ದೊರೆತರೂ, ವಾಚಕರು ಅದನ್ನು ಬರೆದಿಟ್ಟುಕೊಂಡು ಸಂಘಕ್ಕೆ ತಿಳಿಸುವುದು ಉಚಿತ. ಶಾಸನಗಳ ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ಅದನ್ನೂ ಮಾಡಿದರೆ, ಮುಂದೆ ಈ ವಸ್ತುವನ್ನು ಕೈಗೊಳ್ಳುವ ಕನ್ನಡ ಕವಿಗೆ ರನ್ನನ ದುರ್ಯೋಧನನಂತೆ ಒಬ್ಬೊಬ್ಬನ ಮುಂದೆ ನಿಲ್ಲುವ ಅವಕಾಶವು ದೊರೆತೀತು.