ಚುನಾವಣೆಗೆ ನಿಂತ ಲೇಖಕ: ಎರಡು ಚಲಚ್ಚಿತ್ರಗಳ ವಿಮರ್ಶೆ

ವ್ಯಕ್ತಿಯೊಬ್ಬನ ಜೀವನವನ್ನು ತೆರೆಯ ಮೇಲೆ ತರುವ ಚಿತ್ರವನ್ನು ಇತಿಹಾಸದ ವಿದ್ಯಾರ್ಥಿಯು ಎಷ್ಟರಮಟ್ಟಿಗೆ ಆಧಾರವಾಗಿ ಸ್ವೀಕರಿಸಬಹುದೆಂಬ ಪ್ರಶ್ನೆಯು ತರಗತಿಗಳಲ್ಲಿ ಆಗಾಗ ಏಳುವುದುಂಟು. ಇದನ್ನು ತತ್ತ್ವದ ಮಟ್ಟದಲ್ಲಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ಪರಿಶೀಲಿಸುವುದೇ ಲೇಸು. ಅಮೆರಿಕದ ಲೇಖಕ ಹಂಟರ್ ಎಸ್. ಥಾಂಪ್ಸನ್ (1937–2005) 1970ರಲ್ಲಿ ಕಾಲೊರಾಡೊ ಸಂಸ್ಥಾನದ ಪಿಟ್ಕಿನ್ ಕೌಂಟಿಯ ಷೆರಿಫ್ ಪದವಿಗೆ ಸ್ಪರ್ಧಿಸಿ ಸೋತ ಪ್ರಸಂಗವು ಅಂಥದೊಂದು ನಿದರ್ಶನ. ಇದನ್ನು ಕುರಿತು ಎರಡು ಚಿತ್ರಗಳು ಬೆನ್ನುಬೆನ್ನಿಗೆ ಬಂದಿವೆ. 2020ರ ‘ಫ್ರೀಕ್ ಪವರ್: ದಿ ಬ್ಯಾಲಟ್ ಆರ್ ದಿ ಬಾಂಬ್’ ಎಂಬುದು ಡೇನಿಯಲ್ ಜೋಸೆಫ್ ವಾಟ್ಕಿನ್ಸ್ ಮತ್ತು ಏಜಾಕ್ಸ್ ಫಿಲಿಪ್ಸ್ ಇವರು ನಿರ್ದೇಶಿಸಿದ ಸಾಕ್ಷ್ಯಚಿತ್ರ, 2021ರ ‘ಫಿಯರ್ ಅಂಡ್ ಲೋಥಿಂಗ್ ಇನ್ ಆಸ್ಪೆನ್’ ಎಂಬುದು ಮೂರನೆಯ ಬಾಬಿ ಕೆನೆಡಿ ನಿರ್ದೇಶಿಸಿದ ಕಥಾಚಿತ್ರ. ಎರಡನೆಯದರಲ್ಲಿ ಜೇ ಬಲ್ಜರ್ ಥಾಂಪ್ಸನ್ನನ ಪಾತ್ರವನ್ನು ವಹಿಸಿದ್ದಾನೆ.

ಷೆರಿಫ್ ಎಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ. ನಮ್ಮಲ್ಲಿ ಆ ಬಗೆಯ ಅಧಿಕಾರಿಯನ್ನು ಸರಕಾರವು ನೇಮಿಸುತ್ತದೆ. ಅಲ್ಲಿ ಜನರೇ ಮತ ಕೊಟ್ಟು ಆರಿಸುತ್ತಾರೆ. ಕಾನೂನನ್ನು ಯಾರ ಮೇಲೆ ಎಷ್ಟು ಬಿಗಿಯಾಗಿ ಪ್ರಯೋಗಿಸಬೇಕೆಂಬುದು ಆದಕಾರಣ ಅಲ್ಲಿ ಮತಪೆಟ್ಟಿಗೆಯ ವಿಷಯವಾಗುತ್ತದೆ. ಕೌಂಟಿಯ ಮುಖ್ಯ ಪಟ್ಟಣವಾದ ಆಸ್ಪೆನ್ 19ನೆಯ ಶತಮಾನದಲ್ಲಿ ಬೆಳ್ಳಿಗಣಿಗಳಿಂದ ಬೆಳೆದು, 1893ರಲ್ಲಿ ಬೆಳ್ಳಿಯ ಬೆಲೆ ಕುಸಿದಾಗ ಪಾಳುಬಿದ್ದ ಊರು. ಎರಡನೆಯ ಮಹಾಯುದ್ಧದ ತರುವಾಯ ಹಿಮದ ಮೇಲೆ ಜಾರುವ ಆಟಕ್ಕಾಗಿ ಧನಿಕರು ಅಲ್ಲಿಗೆ ಬರತೊಡಗಿದರು. ಅವರ ಬೆನ್ನಿಗೇ ಭೂಮಿಯ ವ್ಯಾಪಾರಿಗಳೂ ಬಂದರು. ಅಗ್ಗದ ಜೀವನವನ್ನರಸಿ ಬಂದ ಉದ್ದಗೂದಲಿನ ತರುಣರಿಗೂ ಹಳೆಯ ಅಧಿಕಾರಿವರ್ಗಕ್ಕೂ 1960ರ ದಶಕದ ಕೊನೆಗೆ ಘರ್ಷಣೆ ಉಂಟಾದುದು ಈ ಭೂಮಿಕೆಯ ಮೇಲೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಹೋರಾಟವು ಥಾಂಪ್ಸನ್ನನಿಂದ ಆರಂಭವಾದುದಲ್ಲ. ಹಾಗೆ ನೋಡಿದರೆ 1969ರಲ್ಲಿ ಜೋ ಎಡ್ವರ್ಡ್ಸ್ ಎಂಬ 29 ವರ್ಷದ ವಕೀಲನನ್ನು ಪಟ್ಟಣದ ಮೇಯರ್ ಪದವಿಗೆ ನಿಲ್ಲಿಸಿದುದೇ ಮೊದಲ ಹೆಜ್ಜೆ. ಮತಪಟ್ಟಿಯಲ್ಲಿ ಹೆಸರನ್ನೇ ಸೇರಿಸದೆ ಉದಾಸೀನರಾಗಿದ್ದವರನ್ನು ಹುಡುಕಿ ಹೆಸರು ಬರೆಯಿಸಿದ ಶ್ರಮವು ಆ ಚುನಾವಣೆಯದು. ಎಡ್ವರ್ಡ್ಸ್ ಕೇವಲ ಆರು ಮತಗಳಿಂದ ಸೋತನು. ಥಾಂಪ್ಸನ್ 1970ರ ಅಕ್ಟೋಬರ್ 1ರ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ, ತನ್ನ ಸ್ಪರ್ಧೆಗೆ ಒಂದು ತಿಂಗಳು ಉಳಿದಿರುವಾಗ, ಬರೆದ ದೀರ್ಘ ಲೇಖನದ ಬಹುಭಾಗವು ಈ ಎಡ್ವರ್ಡ್ಸನ ಚುನಾವಣೆಯ ವೃತ್ತಾಂತವೇ ಆಗಿದೆ. ಅಹಂಕಾರಿಯೆಂದು ಹೆಸರಾದ ಲೇಖಕನೇ ಮತ್ತೊಬ್ಬನನ್ನು ನಡುವೆ ನಿಲ್ಲಿಸಿ ಬರೆದಿರಲು, ಜೀವನಚಿತ್ರವು ಆ ನಡುವಿನ ಸ್ಥಾನವನ್ನು ಪುನಃ ಅವನಿಗೇ ಕೊಡುವುದು ವಿಚಿತ್ರವಾಗಿ ತೋರುತ್ತದೆ.

ಕಥಾಚಿತ್ರದ ಹೆಸರಿನಲ್ಲಿಯೇ ಈ ದೋಷದ ಬೀಜವಿದೆ. ಆ ಪದಗಳು ಪ್ರಸಿದ್ಧವಾದುದು ಲಾಸ್ ವೇಗಾಸ್ ನಗರವನ್ನು ಕುರಿತ ಅವನ ಕೃತಿಯಿಂದ. ಆ ಕೃತಿ ಪ್ರಕಟವಾದುದು 1971ರಲ್ಲಿ. 1970ರ ಮತದಾರನ ಮುಂದೆ ನಿಂತವನು, ಮೋಟಾರ್ ಸೈಕಲ್ ತಂಡವೊಂದನ್ನು ಕುರಿತು ಒಂದು ಪುಸ್ತಕ ಬರೆದು, ಪಟ್ಟಣದ ಹೊರಗೆ ವುಡಿ ಕ್ರೀಕಿನಲ್ಲಿ ವಾಸವಾಗಿದ್ದ ಪತ್ರಕರ್ತ. ತರುವಾಯ ಬಂದ ಕೀರ್ತಿಯ ಬೆಳಕನ್ನು ಹಿಂದಿನ ವರ್ಷದ ಮೇಲೆ ಚೆಲ್ಲಿದರೆ, ನೆರೆಹೊರೆಯವನೊಬ್ಬನು ನೆರೆಹೊರೆಯವರ ಮತವನ್ನು ಕೇಳಿದನೆಂಬ ಸರಳ ಸತ್ಯವು ಕಾಣದೆ ಹೋಗುತ್ತದೆ. ಬಲ್ಜರನ ಅಭಿನಯದಲ್ಲಿ ಹುರುಪಿಗೆ ಕೊರತೆಯಿಲ್ಲ. ಆದರೆ ಪ್ರೇಕ್ಷಕನಿಗೆ ಮೊದಲೇ ಪರಿಚಿತನಾದ ವಿಚಿತ್ರಪುರುಷನನ್ನು ಅಭಿನಯಿಸುವುದು ಬೇರೆ, ಇನ್ನೂ ಹಾಗಾಗಿರದ ಮನುಷ್ಯನನ್ನು ತೋರಿಸುವುದು ಬೇರೆ.

ಸಾಕ್ಷ್ಯಚಿತ್ರದ ಬೆಲೆ ಈ ದೃಷ್ಟಿಯಿಂದ ಹೆಚ್ಚಿನದು. ಅಂದೇ ತೆಗೆದ ದೃಶ್ಯಗಳು ಅದರಲ್ಲಿ ಸೇರಿವೆ. ಥಾಂಪ್ಸನ್ ತಲೆಯನ್ನು ನುಣ್ಣಗೆ ಬೋಳಿಸಿಕೊಂಡು, ಚಿಕ್ಕದಾಗಿ ಕೂದಲು ಕತ್ತರಿಸಿದ್ದ ಎದುರಾಳಿಯನ್ನು ‘ಉದ್ದಗೂದಲಿನವನು’ ಎಂದು ಹಾಸ್ಯಮಾಡಿದುದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಸಭೆಯ ದೃಶ್ಯಗಳಲ್ಲಿ ನಮ್ಮ ಗಮನವನ್ನು ಸೆಳೆಯತಕ್ಕದ್ದು ಆ ಬೋಳುತಲೆಗಿಂತ ಅವನ ಮಾತಿನ ನಿಧಾನ, ಮತ್ತು ಕೇಳುತ್ತ ಕುಳಿತವರ ಮುಖಗಳು. ವಿದ್ಯಾರ್ಥಿಗಳು ಆ ಮುಖಗಳನ್ನು ನೋಡಬೇಕು. ನಾಯಕನನ್ನು ನೋಡಲು ಬೇಕಾದಷ್ಟು ಅವಕಾಶ ಹೇಗೂ ಇದೆ.

ಅವನ ಪ್ರಣಾಳಿಕೆಯನ್ನು ಎರಡು ಚಿತ್ರಗಳ ಪ್ರೇಕ್ಷಕರೂ ನಗುವಿನಿಂದ ಬರಮಾಡಿಕೊಳ್ಳುವುದು ಸಹಜ. ಡಾಂಬರು ಬೀದಿಗಳನ್ನು ಅಗೆದು ಹುಲ್ಲು ಬೆಳೆಸುವುದು. ಆಸ್ಪೆನ್ ಎಂಬ ಹೆಸರನ್ನೇ ಅಳಿಸಿ ‘ಫ್ಯಾಟ್ ಸಿಟಿ’ ಎಂದು ಕರೆಯುವುದು. ಷೆರಿಫನು ಸಾರ್ವಜನಿಕವಾಗಿ ಆಯುಧ ಧರಿಸದಿರುವುದು. ನಗು ತೀರಿದ ಮೇಲೆ ಓದಿದರೆ, ಮೊದಲನೆಯದು ವಾಹನಗಳನ್ನು ಊರಿನ ಅಂಚಿನಲ್ಲಿ ತಡೆಯುವ ಯೋಜನೆ. ಎರಡನೆಯದು ಊರಿನ ಹೆಸರನ್ನೇ ಸರಕಾಗಿ ಮಾರುತ್ತಿದ್ದವರ ವ್ಯಾಪಾರಕ್ಕೆ ಹಾಕಿದ ಕಲ್ಲು. ಮೂರನೆಯದಕ್ಕೆ ವ್ಯಾಖ್ಯಾನ ಬೇಕಿಲ್ಲ. ವಿಡಂಬನೆಯ ಸಿಪ್ಪೆಯೊಳಗೆ ಭೂನೀತಿಯ ತಿರುಳಿರುವ ಇಂಥ ದಾಖಲೆಯನ್ನು ವಾಕ್ಯವಾಕ್ಯವಾಗಿ ಬಿಡಿಸಿ ತೋರಿಸಲು ತೆರೆಗೆ ವ್ಯವಧಾನವಿಲ್ಲ. ತರಗತಿಗೆ ಇದೆ.

ಸೋಲಿನ ಕಾರಣವನ್ನೂ ವ್ಯಕ್ತಿಯಲ್ಲಿ ಹುಡುಕಬೇಕಾಗಿಲ್ಲ. ಅಧಿಕಾರದಲ್ಲಿದ್ದ ಡೆಮೊಕ್ರಾಟಿಕ್ ಪಕ್ಷದ ಕ್ಯಾರಲ್ ವಿಟ್ಮೈರನ ವಿರುದ್ಧ ಮತಗಳು ಮೂರು ಪಾಲಾಗಿದ್ದರೆ ಥಾಂಪ್ಸನ್ನನಿಗೆ ಗೆಲುವಿನ ಆಸೆಯಿತ್ತು. ಅದನ್ನರಿತ ಎರಡು ಪಕ್ಷಗಳೂ ಒಳಗೊಳಗೆ ಕೂಡಿಕೊಂಡು, ಷೆರಿಫ್ ಸ್ಥಾನವನ್ನು ಒಬ್ಬರಿಗೂ ಕೌಂಟಿ ಕಮಿಷನರ್ ಸ್ಥಾನವನ್ನು ಇನ್ನೊಬ್ಬರಿಗೂ ಬಿಟ್ಟುಕೊಟ್ಟವು. ಪಟ್ಟಣದಲ್ಲಿ ಅವನಿಗೆ ಹೆಚ್ಚು ಮತ ಬಂದರೂ, ಸುತ್ತಲ ಪ್ರದೇಶವನ್ನು ಸೇರಿಸಿ ಎಣಿಸಿದಾಗ ಐದುನೂರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಸೋತನು. ಹೊಂಬಣ್ಣದ ಕೃತಕ ಕೇಶವನ್ನು ತೊಟ್ಟು, ರಾಷ್ಟ್ರಧ್ವಜವನ್ನು ಹೆಗಲಿಗೆ ಹೊದ್ದು ಅವನು ಸೋಲನ್ನು ಒಪ್ಪಿಕೊಂಡ ಆ ರಾತ್ರಿಯ ಚಿತ್ರವು ಮನಸ್ಸಿನಲ್ಲಿ ನಿಲ್ಲತಕ್ಕದ್ದು. ಜೀವನಚಿತ್ರದ ಶಿಖರವೂ ಅದೇ.

ಆದರೆ ಪಿಟ್ಕಿನ್ ಕೌಂಟಿಯ ಇತಿಹಾಸಕ್ಕೆ ಅದು ಶಿಖರವಲ್ಲ. 1972ರಲ್ಲಿ ಅದೇ ಎಡ್ವರ್ಡ್ಸ್ ಕೌಂಟಿ ಕಮಿಷನರ್ ಆಗಿ ಚುನಾಯಿತನಾದನು. ಆ ದಶಕದಲ್ಲಿ ಕಟ್ಟಡಗಳ ಸಾಂದ್ರತೆಗೆ ಕಟ್ಟುನಿಟ್ಟಾದ ಮಿತಿ ಬಂದಿತು. 1976ರಲ್ಲಿ ಡಿಕ್ ಕೀನಾಸ್ಟ್ ಷೆರಿಫನಾಗಿ ಗೆದ್ದು, ಸೌಮ್ಯವಾದ ಪೊಲೀಸ್ ನೀತಿಯನ್ನು ಆಚರಣೆಗೆ ತಂದನು. 1986ರಲ್ಲಿ ಗೆದ್ದ ಬಾಬ್ ಬ್ರಾಡಿಸ್ ಥಾಂಪ್ಸನ್ನನ ಆಪ್ತಮಿತ್ರನೇ ಆಗಿದ್ದು, ಎರಡು ದಶಕಗಳಿಗೂ ಮಿಕ್ಕಿ ಆ ಪದವಿಯಲ್ಲಿದ್ದನು. ಕಟ್ಟಡಕ್ಕೆ ಮಿತಿ ಬಿದ್ದಂತೆಲ್ಲ ಇದ್ದ ಮನೆಗಳ ಬೆಲೆ ಏರಿತು. ಇಂದು ಆಸ್ಪೆನ್ ಆ ದೇಶದ ಅತ್ಯಂತ ದುಬಾರಿಯಾದ ಪಟ್ಟಣಗಳ ಸಾಲಿನಲ್ಲಿದೆ. 1970ರಲ್ಲಿ ಥಾಂಪ್ಸನ್ನನಿಗೆ ಮತ ಕೊಟ್ಟಂಥ ಜನರಲ್ಲಿ ಬಹುಮಂದಿ ಕಣಿವೆಯ ಕೆಳಗಿನ ಊರುಗಳಲ್ಲಿ ಮನೆಮಾಡಿ, ದಿನವೂ ಕೆಲಸಕ್ಕಾಗಿ ಅಲ್ಲಿಗೆ ಬಂದುಹೋಗುತ್ತಾರೆ.