ಹತ್ತೊಂಬತ್ತನೆಯವರ ಲೆಕ್ಕ

ಫಡೆಪ್ಪ ದರೆಪ್ಪ ಚೌಗುಲೆ. ಹೆಸರಿನಲ್ಲಿ ಎರಡು ‘ಅಪ್ಪ’, ಅಡ್ಡಹೆಸರಿಗೆ ಮರಾಠಿ ಒಗ್ಗರಣೆ. ಕಲ್ಯಾಣ, ಡೊಂಬಿವಲಿಯ ಕನ್ನಡಿಗರು ಇಷ್ಟು ಕೇಳಿದರೆ ಸಾಕು, ‘ಬೆಳಗಾವಿ ಕಡೆಯವರೇನ್ರೀ?’ ಅಂದುಬಿಡುತ್ತೇವೆ. ಹೌದು, ಬೆಳಗಾವಿಯವರೇ. 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೆಯವರಾದರು.

ಇವರ ಬಗ್ಗೆ ಬರೆಯುವವರು ಬರಿಗಾಲಿನಿಂದಲೇ ಶುರುಮಾಡುತ್ತಾರೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ರೈತರ ಹುಡುಗರು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ಕಂಡರು, ಒಲಿಂಪಿಕ್ಸ್‌ಗೆ ತಂಡ ಕಳಿಸುವ ಮನಸ್ಸು ಮಾಡಿದರು. 100 ಮೀಟರಿಗೆ ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಅಲ್ಲಿನ ಹಿರಿಯರೊಬ್ಬರು ನಿಮಿಷಗಳ ಲೆಕ್ಕ ಹೇಳಿದರಂತೆ. ನಗು ಬರುತ್ತದೆ, ನಿಜ. ಈ ಕತೆಗಳ ಗದ್ದಲದಲ್ಲಿ ಓಟವೇ ಕಾಣೆಯಾಗುತ್ತದೆ ಎಂಬುದು ನನ್ನ ತಕರಾರು.

ಆ್ಯಂಟ್‌ವರ್ಪಿನ ದಾರಿ 42.75 ಕಿ.ಮೀ., ಒಲಿಂಪಿಕ್ ಮ್ಯಾರಥಾನುಗಳಲ್ಲೇ ಉದ್ದನೆಯದು. ನಮ್ಮ ಲೋಕಲ್ ಲೆಕ್ಕದಲ್ಲಿ ಸಿಎಸ್‌ಎಂಟಿಯಿಂದ ಹೆಚ್ಚುಕಡಿಮೆ ದಿವಾ ಜಂಕ್ಷನ್. ಚೌಗುಲೆಯವರಿಗೆ ಹಿಡಿದದ್ದು 2 ಗಂಟೆ 50 ನಿಮಿಷ 45 ಸೆಕೆಂಡು. ಭಾಗಿಸಿ ನೋಡಿದೆ: ಕಿಲೋಮೀಟರಿಗೆ ಸರಾಸರಿ 4 ನಿಮಿಷ. ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಅವರಿಗಿಂತ 18 ನಿಮಿಷ ಹಿಂದೆ. ಜತೆಗಾರ ಸದಾಶಿವ ದಾತಾರ್ ದಾರಿ ಮುಗಿಸಲಿಲ್ಲ. ತಂಡದ ವೇಗದ ಓಟಗಾರ, ಬಂಗಾಳದ ಬ್ಯಾನರ್ಜಿ, 100 ಮತ್ತು 400 ಮೀಟರ್ ಎರಡರಲ್ಲೂ ಮೊದಲ ಸುತ್ತಿಗೇ ಹೊರಬಿದ್ದರು. ಅಂಥ ತಂಡದಿಂದ ಬಂದ ಅಂಕಿ ಇದು. ಇದಕ್ಕೆ ಬರಿಗಾಲಿನ ಕನಿಕರ ಬೇಕಿಲ್ಲ.

ಅದೇ ಕೂಟದಲ್ಲಿ ಅಮೆರಿಕದ ಚಾರ್ಲಿ ಪ್ಯಾಡಕ್ 100 ಮೀಟರನ್ನು 10.8 ಸೆಕೆಂಡಿನಲ್ಲಿ ಗೆದ್ದರು. ಕೊನೆಯಲ್ಲಿ ಕೈ ಚಾಚಿ ದಾರದತ್ತ ನೆಗೆಯುವುದು ಅವರ ಖಯಾಲಿ. ಸೊಗಸೇನೋ ಸೊಗಸೇ, ಆದರೆ ನೆಲ ಬಿಟ್ಟ ಕಾಲು ಮೈಯನ್ನು ಮುಂದಕ್ಕೆ ತಳ್ಳಲಾರದು. 200 ಮೀಟರಿನಲ್ಲಿ ಅವರದೇ ದೇಶದ ಅಲೆನ್ ವುಡ್ರಿಂಗ್ ಮುಂದೆ ಹೋದರು. ಆದರೂ ಜನರ ಕಣ್ಣಲ್ಲಿ ಉಳಿದದ್ದು ಆ ನೆಗೆತ. ಮೂರು ಗಂಟೆಯ ಓಟ ಒಂದು ಫೋಟೋದೊಳಗೆ ಕೂರುವುದಿಲ್ಲವಲ್ಲ!

ಒಲಿಂಪಿಕ್ಸ್‌ನ ಒಂದೇ ಮ್ಯಾರಥಾನಿನ ಮೇಲೆ ಚೌಗುಲೆಯವರನ್ನು ಮಹಾ ಓಟಗಾರ ಅನ್ನಲು ನನಗೂ ಹಿಂಜರಿಕೆಯೇ. ಎರಡನೆಯ ಮ್ಯಾರಥಾನ್ ಸಿಗಬೇಕಿತ್ತು. 1924ರ ಪ್ಯಾರಿಸ್‌ಗೆ ಪ್ಯಾಡಕ್ ಮತ್ತೆ ಬಂದರು, 200 ಮೀಟರಿನಲ್ಲಿ ಇನ್ನೊಂದು ಬೆಳ್ಳಿ ಒಯ್ದರು. ಅಲ್ಲಿ ಭಾರತದ ಪರ ಮ್ಯಾರಥಾನ್ ಮುಗಿಸಿದವರು ಮಹಾದೇವ ಸಿಂಗ್. ದಾರಿ ಆ್ಯಂಟ್‌ವರ್ಪಿಗಿಂತ ಅರ್ಧ ಕಿಲೋಮೀಟರಿನಷ್ಟು ಕಡಿಮೆ; 3 ಗಂಟೆ 37 ನಿಮಿಷ, 29ನೆಯ ಸ್ಥಾನ.